ಮೋಲ್ ಹಿಡಿಯುವವನ ಅಡುಗೆಮನೆ

ನನ್ನಣ್ಣ ಎಲ್ವಿನ್ ಪ್ರೋಬರ್ಟ್ ನಲವತ್ತು ವರ್ಷ ಮೋಲ್ ಹಿಡಿದೇ ಬದುಕಿದವನು. ಆ ಕುರುಡು ಪ್ರಾಣಿ ನೆಲದಡಿ ಸುರಂಗ ಕೊರೆದು ಹುಲ್ಲುಗಾವಲಿನ ತುಂಬ ಮಣ್ಣಿನ ಗುಪ್ಪೆ ಎಬ್ಬಿಸುತ್ತದೆ. ಹಿಡಿದದ್ದನ್ನು ಮುಳ್ಳುತಂತಿಗೆ ಸಾಲಾಗಿ ನೇತುಹಾಕಬೇಕು, ಇಲ್ಲದಿದ್ದರೆ ನಮ್ಮ ವೇಲ್ಸ್ ಗಡಿಯ ರೈತರು ಲೆಕ್ಕ ನಂಬಿ ದುಡ್ಡು ಕೊಡುವ ಪೈಕಿಯೇ? ಒಂಬೈನೂರು ವರ್ಷದ ಹಿಂದೆ ನಾರ್ಮನ್ ಸೈನಿಕರು ಕೋಟೆ ಕಟ್ಟಿದ್ದ ಊರ ಮೇಲಿನ ಗುಡ್ಡದಲ್ಲಿ ಮೋಲ್ ಹಿಡಿಯುವ ಕೆಲಸವೂ ಅವನ ಪಾಲಿಗೇ ಬಂದಿತ್ತು.

ಅಲ್ಲಿನ ಗುಪ್ಪೆಗಳಲ್ಲಿ ಹಳೇ ಮಡಕೆಚೂರು ಸಿಗುತ್ತಿದ್ದವು. ಅವನ್ನು ಮನೆಗೆ ತಂದು, ಬ್ರಷ್ಷಿನಿಂದ ತಿಕ್ಕಿ ತೊಳೆದು, ಎಲ್ಲವನ್ನೂ ಒಂದೇ ಬಿಸ್ಕತ್ತಿನ ಡಬ್ಬಿಗೆ ಸುರಿಯುತ್ತಿದ್ದ.

"ಬರೀ ಸೈನಿಕರಲ್ಲ ಕಣೇ ಮಾರ್ಗೆಡ್, ಹೆಂಗಸರು ಮಕ್ಕಳೂ ಇದ್ರು. ಉತ್ತರದ ಮಗ್ಗುಲಲ್ಲಿ ಅಡುಗೆಮನೆ ಇತ್ತು." ನನ್ನ ಹತ್ತಿರ ಇದೊಂದೇ ಅವನ ಹಟ.

ಹೋದ ವರ್ಷ ಪುರಾತತ್ವದವಳು ಇಸೊಬೆಲ್ ಬಂದಳು. ಒಂದೇ ಒಂದು ಗುಂಡಿ ಅಗೆಯಲು ಅನುಮತಿ. ಅದೂ ದಕ್ಷಿಣದ ಬಾಗಿಲ ಹತ್ತಿರ ಎಂದು ಹೆಚ್ಚುಕಡಿಮೆ ಗೊತ್ತಾಗಿತ್ತು. ಎಲ್ವಿನ್ ಡಬ್ಬಿ ಹೊತ್ತು ಅವಳ ಹತ್ತಿರ ಓಡಿದ, ಹಿಂದೆ ನಾನೂ.

"ಪ್ರೋಬರ್ಟ್ ಅವರೇ, ಯಾವ ಚೂರು ಎಲ್ಲಿ ಸಿಕ್ತು?"

"ಗುಡ್ಡದಲ್ಲೇ!"

"ಗುಡ್ಡದಲ್ಲಿ ಎಲ್ಲಿ? ಒಲೆಯ ಮಸಿನೂ ತೊಳೆದುಬಿಟ್ಟಿದ್ದೀರಲ್ಲ, ಅಡುಗೆಗೆ ಅದೇ ಸಾಕ್ಷಿ."

"ಗಲೀಜಾಗಿತ್ತಲ್ಲಮ್ಮ..."

ಅಯ್ಯೋ, ನಲವತ್ತು ವರ್ಷ ಪೆದ್ದನ ಹಾಗೆ ತಿಕ್ಕಿದ್ದನಲ್ಲ! ಅವನ ಮುಖ ನೋಡಲಾಗಲಿಲ್ಲ ನನಗೆ. "ಏಪ್ರಿಲ್‌ಗೆ ಅಗೀತೀವಿ. ಅಷ್ಟರಲ್ಲಿ ಜಾಗದ ಸಮೇತ ಏನಾದ್ರೂ ತಂದ್ರೆ ನೋಡೋಣ" ಎಂದಳು ಇಸೊಬೆಲ್, ಪಾಪ, ಮೆತ್ತಗೆ.

ಆ ಚಳಿಗಾಲ ಎಲ್ವಿನ್ ಗುಡ್ಡದಲ್ಲಿ ಒಂದು ಬೋನೂ ಇಡಲಿಲ್ಲ. ಮೋಲ್‌ಗಳು ಅಗೆದೇ ಅಗೆದವು. ಇವನು ಗುಪ್ಪೆಗೊಂದು ಗೂಟ ನೆಟ್ಟು, ನಂಬರ್ ಬರೆದು, ಚೂರುಗಳನ್ನು ಮಣ್ಣಿನ ಸಮೇತ ಪೊಟ್ಟಣ ಕಟ್ಟಿದ. ಅಲ್ಲಿ ಕುರಿ ಮೇಯಿಸುವ ಗುಡ್ಡದ ಒಡತಿ ಎಡಿತ್ ಗ್ವಾಟ್ಕಿನ್ ಬರಿದಾದ ತಂತಿ ನೋಡಿ ಕೆರಳಿದಳು.

"ಏನಯ್ಯಾ, ಹಿಡಿಯೋದು ಬಿಟ್ಟು ಸಾಕೋಕೆ ಶುರು ಮಾಡಿದ್ಯಾ? ನನ್ನ ಕುರಿ ಕಾಲು ಮುರ್ಕೊಂಡ್ರೆ?"

"ಏಪ್ರಿಲ್ ಮುಗಿಯೋವರೆಗೆ ಬಿಡು ತಾಯಿ."

"ಬಿಡ್ತೀನಿ. ಆಮೇಲೆ ನಿನ್ನ ಮುಖ ನನ್ನ ಹೊಲದಲ್ಲಿ ಕಾಣಬಾರದು."

"ಆಗಲಿ" ಎಂದುಬಿಟ್ಟ! ನಾನು ಚೆನ್ನಾಗಿ ಬೈದೆ. ಸುದ್ದಿ ಹಬ್ಬಿ ಉಳಿದ ರೈತರೂ ಅವನನ್ನು ಕರೆಯುವುದು ಬಿಟ್ಟರು.

ಮಸಿ ಹಿಡಿದ ಚೂರು, ಸುಟ್ಟ ಮೂಳೆ ಎಲ್ಲವೂ ಉತ್ತರದ ಗೂಟಗಳ ಬಳಿಯೇ ಸಿಕ್ಕಿದ್ದವು. ಅವನು ತಂದ ಪೊಟ್ಟಣಗಳನ್ನು ನೋಡಿ ಇಸೊಬೆಲ್ ಗುಂಡಿಯ ಜಾಗವನ್ನು ಅಲ್ಲಿಗೇ ಬದಲಾಯಿಸಿದಳು. ಏಪ್ರಿಲ್‌ನಲ್ಲಿ ಅಗೆಯಲು ತೊಡಗಿದ ನಾಲ್ಕನೇ ದಿನ ಕಲ್ಲಿನ ಒಲೆ ಕಾಣಿಸಿತು, ಸುತ್ತ ಕಾಲು ಸವೆಸಿದ ಮಣ್ಣಿನ ನೆಲ.

"ಇಳೀರಿ ಪ್ರೋಬರ್ಟ್ ಅವರೇ, ಮೊದಲು ನೀವೇ ನೋಡಿ."

ಎಲ್ವಿನ್ ಅಂಚಿನಲ್ಲಿ ಕೂತು ಬೂಟಿನ ಲೇಸು ಬಿಚ್ಚತೊಡಗಿದ.

"ಬೂಟು ಯಾಕೆ ಬಿಚ್ತೀರಿ? ನೆಲ ತಣ್ಣಗಿದೆ."

"ಯಾರದೋ ಅಡುಗೆಮನೆ ಅಲ್ವೇನಮ್ಮ" ಎಂದ. "ಕೆಸರುಗಾಲಲ್ಲಿ ಹೇಗೆ ಹೋಗಲಿ?"