ಬೂಟಿನ ಮಣ್ಣು, ಕಂಬಳಿಯ ಮಾತು

ಫುಟ್‌ಬಾಲ್ ಬೂಟಿನಡಿಯಿಂದ ಉದುರುವ ಮಣ್ಣಿಗೆ ತನ್ನದೇ ಆದ ಆಕೃತಿಯೊಂದಿದೆ ಎಂಬ ಸಂಗತಿ ಮನೆ ಗುಡಿಸುವವರಿಗಲ್ಲದೆ ಅನ್ಯರಿಗೆ ತಿಳಿದಿರಲಾರದು. ಸಾಮಾನ್ಯ ಚಪ್ಪಲಿಯ ಮಣ್ಣು ಪುಡಿಯಾಗಿ ಬರುತ್ತದೆ, ಪುಡಿಯಾಗಿಯೇ ಹೋಗುತ್ತದೆ. ಈ ಬೂಟಿನದು ಹಾಗಲ್ಲ. ಅಡಿಯ ಗುಬುಟುಗಳ ನಡುವೆ ಅಚ್ಚೊತ್ತಿ, ಅಲ್ಲೇ ಒಣಗಿ, ಸಾಲು ತೂತುಗಳುಳ್ಳ ಬಿಲ್ಲೆಗಳಾಗಿ ಕಳಚಿ ಬೀಳುತ್ತದೆ. ಹಬ್ಬದ ದಿನ ನನ್ನ ಕೈಯಲ್ಲಿ ಮುರಿದುಹೋಗುವ ಕೋಡುಬಳೆಗಿಂತ ಅಚ್ಚುಕಟ್ಟಾಗಿಯೇ ಇರುತ್ತದೆ ಎಂದರೂ ತಪ್ಪಿಲ್ಲ. ಎಂಟನೇ ತರಗತಿಯ ನನ್ನ ಮಗಳು ಸಹನಾ ಶಾಲಾ ತಂಡದ ಗೋಲ್‌ಕೀಪರ್. ಶಾಲೆಯ ನೀರಿನ ಟ್ಯಾಂಕು ದಿನಾ ಸಂಜೆ ತುಂಬಿ ಹರಿಯುವುದು ನೇರವಾಗಿ ಗೋಲುಕಂಬಗಳ ಬಾಯಿಗೇ ಆದ್ದರಿಂದ, ಇಡೀ ಚಿತ್ರದುರ್ಗ ಒಣಗಿ ನಿಂತಿರುವ ಕಾಲದಲ್ಲೂ ನಮ್ಮ ಜಗಲಿಗೆ ಮಾತ್ರ ಕೆಸರಿನ ಬರವಿರಲಿಲ್ಲ. ನಾನು ಗೊಣಗುತ್ತ ಗುಡಿಸುತ್ತಿದ್ದೆ. ಗೊಣಗುವುದಕ್ಕೂ ಅದೃಷ್ಟ ಬೇಕೆಂದು ಆಗ ತಿಳಿದಿರಲಿಲ್ಲ.

ಫುಟ್‌ಬಾಲಿನ ವಿಷಯದಲ್ಲಿ ನಮ್ಮ ಮನೆಯ ಪಂಡಿತೆ ನಾನೇ ಎಂದರೆ ನೀವು ನಗಬಾರದು. ಹಿರಿಯೂರಿನ ನನ್ನ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಬಿಳಿಯ ನಿಲುವಂಗಿಯ ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮೊಡನೆ ಚೆಂಡು ಒದೆಯುತ್ತಿದ್ದರು. ಮಳೆ ಬಂದ ದಿನ ತರಗತಿಯಲ್ಲಿ ಡಸ್ಟರನ್ನು ಗೋಲಾಗಿಸಿ, ಸೀಮೆಸುಣ್ಣದ ತುಂಡುಗಳನ್ನು ಆಟಗಾರರಾಗಿಸಿ ಆಫ್‌ಸೈಡ್ ಎಂಬ ಗಹನ ತತ್ತ್ವವನ್ನು ಬೋಧಿಸುತ್ತಿದ್ದರು. ನಾನು ಆಡಿದ್ದು ಅಷ್ಟಕ್ಕಷ್ಟೇ, ಆದರೆ ತತ್ತ್ವ ತಲೆಯಲ್ಲಿ ಉಳಿಯಿತು. ಅರ್ಧಂಬರ್ಧ ವಿದ್ಯೆಯ ಜೊತೆಗೆ ಬರುವ ಪೂರ್ಣ ಪ್ರಮಾಣದ ಆತ್ಮವಿಶ್ವಾಸವೂ ಉಳಿಯಿತು. ಈ ಪ್ರಬಂಧದ ಎಲ್ಲ ಅನಾಹುತಕ್ಕೂ ಆ ಆತ್ಮವಿಶ್ವಾಸವೇ ಮೂಲ.

ನಮ್ಮ ಮಾವಯ್ಯನವರು ಹೊಸದುರ್ಗದ ಕಡೆಯ ಬಾಗೂರಿನವರು. ಅವರದು ಕುರಿ ಕಾಯ್ದ ಮನೆತನ. ನಮ್ಮ ಜೊತೆ ಪೇಟೆಗೆ ಬಂದಾಗ ಅವರು ತಂದದ್ದು ಒಂದು ಕೋಲು, ಟೈರಿನ ಅಟ್ಟೆಯ ಚಪ್ಪಲಿ, ಮತ್ತು ತಮ್ಮ ಕುರಿಗಳ ಉಣ್ಣೆಯಿಂದಲೇ ನೇಯಿಸಿದ ಒಂದು ಕರಿ ಕಂಬಳಿ. ಬೆಳಿಗ್ಗೆ ಅದನ್ನು ನಡುಮನೆಯಲ್ಲಿ ಹಾಸಿದರೆ ಸಂಜೆಯವರೆಗೂ ಅದೇ ಅವರ ಸಿಂಹಾಸನ. ಅವರ ಕಡೆಯಲ್ಲಿ ಹಾಸಿದ ಕಂಬಳಿಯೆಂದರೆ ಕೂರುವ ಹಾಸಲ್ಲ, ದೇವರ ಗದ್ದುಗೆ. ಅದರ ಮೇಲೆ ಕುಳಿತು ಆಡಿದ ಮಾತಿಗೆ ಸಾಕ್ಷಿ ಬೇಡ, ಸಹಿ ಬೇಡ, ಹಿಂತೆಗೆತವೂ ಇಲ್ಲ. ಮದುವೆಯಾಗಿ ಬಂದ ಹೊಸತರಲ್ಲಿಯೇ ಇದನ್ನು ನನಗೆ ಹೇಳಿದ್ದರು. ನಾನು ಕಾನ್ವೆಂಟಿನ ಹುಡುಗಿ, ತಲೆಯಾಡಿಸಿ ಮರೆತಿದ್ದೆ.

ಏಷ್ಯಾದ ದೊಡ್ಡ ಪಂದ್ಯಾವಳಿ ಶುರುವಾಗಲು ವಾರವಿದೆ ಎನ್ನುವಾಗ ಸಹನಾಳ ಶಾಲೆಯಿಂದ ಪತ್ರ ಬಂತು. ಜಿಲ್ಲೆಯ ಹುಡುಗಿಯರಲ್ಲಿ ಕೆಲವರನ್ನು ಆರಿಸಿ ಹೊರಜಿಲ್ಲೆಯಲ್ಲಿ ಇಪ್ಪತ್ತು ದಿನದ ತರಬೇತಿ ಶಿಬಿರ, ಹದಿನಾಲ್ಕರೊಳಗಿನವರಿಗೆ ಮಾತ್ರ. ಪಟ್ಟಿಯಲ್ಲಿ ಸಹನಾಳ ಹೆಸರೂ ಇತ್ತು; ಮುಂದಿನ ವರ್ಷ ಅವಳಿಗೆ ವಯಸ್ಸು ಮೀರುತ್ತದೆ. ಪತ್ರ ಹಿಡಿದುಕೊಂಡ ಅವಳ ಕೈಯ ಹೆಬ್ಬೆರಳು ಕಾಗದದ ಮೂಲೆಯನ್ನು ಮಡಿಸುತ್ತ ಬಿಡಿಸುತ್ತ ಇದ್ದುದನ್ನು ನಾನು ನೋಡಿದೆ.

"ಹೆಣ್ಮಗು, ಇಪ್ಪತ್ತು ದಿನ ಯಾವುದೋ ಊರಾಗೆ, ಯಾರ್ದೋ ಕೈಯಾಗೆ. ಬ್ಯಾಡ," ಎಂದರು ಮಾವಯ್ಯ. ನಮ್ಮವರು ಇಂಥ ಸಂದರ್ಭಕ್ಕೆಂದೇ ಕಾದಿರಿಸಿರುವ ದಿನಪತ್ರಿಕೆಯ ಹಿಂದೆ ಅಂತರ್ಧಾನರಾದರು. ಮಗಳು ನನ್ನ ಮುಖ ನೋಡಿದಳು. ನಾನು ಅವರೆಕಾಯಿ ಸುಲಿಯುತ್ತಿದ್ದೆ, ಒಲೆಯ ಮೇಲೆ ಹಾಲಿತ್ತು. ಹೋಗಲಿ ಎನ್ನಬೇಕಿತ್ತು, ಮಾವಯ್ಯನನ್ನು ಎದುರಿಸುವ ಧೈರ್ಯವಿರಲಿಲ್ಲ. ಬೇಡ ಎನ್ನಬಹುದಿತ್ತು, ಮಗಳ ಮುಖ ಎದುರಿಸುವ ಧೈರ್ಯವೂ ಇರಲಿಲ್ಲ. ಆದ್ದರಿಂದ ಜಾಣತನ ಮಾಡಿದೆ. "ಈ ಸಲ ಇಂಡಿಯಾ ಮೊದಲ ಸುತ್ತು ದಾಟಿದರೆ ಕಳಿಸೋಣ ಮಾವಯ್ಯ, ದಾಟದಿದ್ದರೆ ಬೇಡ," ಎಂದು ನಗುತ್ತ ಹೇಳಿದೆ. ಮೂರು ಪಂದ್ಯಗಳಿವೆ, ಗುಂಪಿನಲ್ಲಿ ಮೂರನೆಯವರಾದರೂ ಕೆಲವರಿಗೆ ದಾರಿಯಿದೆ ಎಂದು ಪತ್ರಿಕೆಯಲ್ಲಿ ಓದಿದ್ದ ಪಂಡಿತೆ ನಾನು!

ಮಾವಯ್ಯ ನಗಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ, ನಾನು ಕುಳಿತಿದ್ದ ಜಾಗವನ್ನು ನೋಡಿದರು. ಅವರೆಕಾಯಿಯ ಮೊರದ ಸಮೇತ ನಾನು ಕಂಬಳಿಯ ಅಂಚಿನ ಮೇಲೆ ಕುಳಿತಿದ್ದೆ.

"ಆತು ಬಿಡವ್ವ. ಕಂಬ್ಳಿ ಮ್ಯಾಲೆ ಕುಂತು ಆಡಿದೀಯ, ನಾನೂ ಒಪ್ಪಿದೀನಿ. ಏನವ್ವಾ ಕೂಸೇ, ನಿಂಗೂ ಒಪ್ಗೆನಾ?"

"ಒಪ್ಗೆ ತಾತ," ಎಂದು ಸಹನಾ ತಾನೂ ಬಂದು ಕಂಬಳಿಯ ಮೇಲೆ ಕುಳಿತೇಬಿಟ್ಟಳು. ಹಾಲು ಉಕ್ಕಿತು.

ಮೊದಲ ಪಂದ್ಯದ ಸಂಜೆ ಪಕ್ಕದ ಮನೆಯ ನಯಾಜ್ ಸಾಬರೂ ತಮ್ಮ ಪಂಕ್ಚರ್ ಅಂಗಡಿಗೆ ಬಾಗಿಲು ಹಾಕಿಕೊಂಡು ಬಂದು ನಮ್ಮ ಟಿವಿಯ ಮುಂದೆ ಕುಳಿತರು. ನಾನು ಆಫ್‌ಸೈಡಿನ ತತ್ತ್ವವನ್ನು ಅವರೆಕಾಳಿನ ಸಹಾಯದಿಂದ ವಿವರಿಸಿದೆ. ಮಾವಯ್ಯ ಎದುರುಪಕ್ಷದ ಗಾಂಭೀರ್ಯದಲ್ಲಿ ಕುಳಿತಿದ್ದರು. "ಇಷ್ಟು ಜನ ಒಂದು ಮರಿ ಹಿಂದೆ ಓಡ್ತಾರಲ್ಲೋ, ನಾನು ಒಬ್ನೇ ಇನ್ನೂರು ಕುರಿ ಮೇಯಿಸ್ತಿದ್ದೆ," ಎಂದದ್ದಷ್ಟೇ ಅವರ ಅಂದಿನ ವಿಮರ್ಶೆ. ಸೋತೆವು. ಇರಲಿ, ಬಲಿಷ್ಠ ತಂಡ ಎಂದುಕೊಂಡೆವು.

ಎರಡನೆಯ ಪಂದ್ಯದಲ್ಲಿ ಏನೋ ಆಯಿತು. ಎದುರಾಳಿ ನಮ್ಮ ತಂಡದವರ ಬೆನ್ನ ಹಿಂದೆ ನುಸುಳಿದ್ದೇ ತಡ, ಮಾವಯ್ಯ ಕೋಲೆತ್ತಿಕೊಂಡು, "ಲೇ, ಹಿಂದ್ ನೋಡ್ಲೇ! ಹಿಂಡಿನ ಹಿಂದ್ಗಡೆ ಯಾರೂ ಇಲ್ಲ ಕಣ್ಲೇ!" ಎಂದು ಕೂಗಿಬಿಟ್ಟರು. ಸಿಸ್ಟರ್ ಸೀಮೆಸುಣ್ಣದಿಂದ ವರ್ಷವಿಡೀ ಕಲಿಸಿದ್ದನ್ನು ಅವರು ತೋಳಗಳಿಂದ ಎಂದೋ ಕಲಿತಿದ್ದರು. "ದೊಡ್ಡಿ ಬಾಗ್ಲಾಗೆ ನಿಂತಾನಲ್ಲ, ಅವನ ತಪ್ಪಿಲ್ಲ. ಮುಂದ್ಲೋರು ಬಿಟ್ಟು ಓಡಿದ್ರೆ ಅವ್ನೊಬ್ಬ ಏನ್ ಮಾಡ್ಯಾನು?" ಎಂದು ಗೋಲ್‌ಕೀಪರನ ಪರ ವಾದಿಸಿ, ಮೊಮ್ಮಗಳ ಕಡೆ ತಿರುಗಿ, "ನೀನೂ ಅಲ್ಲೇನಾ ನಿಂತ್ಕಳಾದು?" ಎಂದು ಕೇಳಿದರು. ಅವಳು ತಲೆಯಾಡಿಸಿದಳು. ಆ ಪಂದ್ಯವನ್ನೂ ಸೋತೆವು.

ಮೂರನೆಯದಕ್ಕೆ ಮಾವಯ್ಯ ಸಂಜೆಯಾಗುವ ಮುನ್ನವೇ ಮುಖ ತೊಳೆದು, ವಿಭೂತಿ ಧರಿಸಿ ಕಂಬಳಿಯ ಮೇಲೆ ಕುಳಿತರು. ಅವರು ಯಾರ ಗೆಲುವಿಗೆ ಕೈಮುಗಿಯುತ್ತಿದ್ದಾರೆಂದು ಕೇಳುವ ಅಗತ್ಯವಿರಲಿಲ್ಲ. ನಮ್ಮ ತಂಡ ಗೆದ್ದರೆ ಅವರ 'ಬ್ಯಾಡ' ಎಂಬ ಮಾತು ಸೋಲುತ್ತಿತ್ತು. ಹಾಗೆ ಸೋಲುವ ಆಸೆ ಅವರ ಮುಖದಲ್ಲಿ ಕಾಣುತ್ತಿತ್ತು. ಬಹಳ ಹೊತ್ತು ಗೋಲೇ ಇಲ್ಲ. ಆಮೇಲೆ ಒಂದು ಬಿತ್ತು, ನಮ್ಮ ಗೋಲಿಗೇ ಬಿತ್ತು. ಮೂರು ಪಂದ್ಯ, ಮೂರು ಸೋಲು. ನಮ್ಮ ಕಾಲಿನಿಂದ ಒಂದೇ ಒಂದು ಗೋಲಿಲ್ಲ.

ಅಭಿಮಾನಿಗಳ ಶೋಕಕ್ಕೆ ವೈವಿಧ್ಯವಿದೆ. ನಮ್ಮವರು ತರಬೇತುದಾರನನ್ನು ಬೈದರು, ಮೊಬೈಲಿನಲ್ಲಿ ಬಂದ ಹಾಸ್ಯಚಿತ್ರಗಳಿಗೆ ನಕ್ಕರು, ಮತ್ತೆ ಬೈದರು. "ಭಾಬಿ, ಇಷ್ಟು ದೊಡ್ಡ ದೇಶ, ಹನ್ನೊಂದು ಜನ ಸಿಗಲ್ವಾ? ಟ್ಯೂಬಲ್ಲಿ ಹವಾ ಇದೆ, ವಾಲ್ವೇ ಲೀಕು," ಎಂದು ನಯಾಜ್ ಸಾಬರು ವೃತ್ತಿಸಹಜವಾದ ರೋಗನಿದಾನ ನೀಡಿ, ಟೀ ಅರ್ಧಕ್ಕೆ ಬಿಟ್ಟು ಎದ್ದುಹೋದರು. ಸಹನಾ ಜಗಲಿಗೆ ಹೋಗಿ ಬೂಟುಗಳೆರಡನ್ನೂ ಒಂದಕ್ಕೊಂದು ಬಡಿದು ಮಣ್ಣು ಉದುರಿಸಿ, ಅಂದಿನ ಪತ್ರಿಕೆಯ ಕ್ರೀಡಾಪುಟದಲ್ಲಿ ಸುತ್ತಿ, ಸ್ಟೂಲು ಹತ್ತಿ ಅಟ್ಟದ ಮೇಲಿಟ್ಟಳು. ಉದುರಿದ ಮಣ್ಣನ್ನು ತಾನೇ ಗುಡಿಸಿದಳು. ನಾನು ಯಾವಾಗಲೂ ಹೇಳುತ್ತಿದ್ದ ಕೆಲಸ. ಅಂದು ಹೇಳದೆಯೇ ಮಾಡಿದ್ದು ನೋಡಲಾಗಲಿಲ್ಲ.

ಮರುದಿನ ಮಾವಯ್ಯ ಕಂಬಳಿ ಹಾಸಲಿಲ್ಲ. ಬರಿಯ ನೆಲದ ಮೇಲೆ ಕುಳಿತಿದ್ದರು. ನಾನು ಹತ್ತಿರ ಹೋಗಿ, ತಮಾಷೆಗೆ ಹೇಳಿದ್ದು ಮಾವಯ್ಯ, ಮಗುವನ್ನು ಕಳಿಸೋಣ ಎಂದೆ. ಅವರು ನೆಲ ಸವರಿದರು.

"ನೀನು ತಮಾಷೆಗೆ ಅಂದೆ, ಖರೆ. ಆ ಕೂಸು ಖರೇನೇ ಅಂತ ಬಂದು ಕುಂತ್ಕಂತಲ್ಲವ್ವ. ಈಗ ನಾವು ದೊಡ್ಡೋರೇ ಮುರಿದ್ರೆ, ನಾಳೆ ಅದು ಯಾರ ಮಾತು ನಂಬ್ಬೇಕು?" ಎಂದವರು ದನಿ ತಗ್ಗಿಸಿ, "ನಂಗೇನು ಆಸೆ ಇಲ್ಲ ಅನ್ಕಂಡ್ಯಾ," ಎಂದರು. ಮಗಳನ್ನೇ ಕೇಳಿದೆ. "ಬಿಡಮ್ಮ, ಒಪ್ಕಂಡಿದ್ದೆ ಅಲ್ವಾ," ಎಂದಳು. ಮುರಿಯಬೇಕೆಂಬ ಆಸೆ ಮೂವರಿಗೂ ಇದ್ದ ಮಾತೊಂದು ನಡುಮನೆಯಲ್ಲಿ ಮುರಿಯದೆ ಕುಳಿತಿತ್ತು. ಶಿಬಿರದ ಬಸ್ಸು ನಮ್ಮ ಬೀದಿಯ ತುದಿಯಿಂದಲೇ ಹೊರಟಿತು. ಅದರಲ್ಲಿ ಹೊಳಲ್ಕೆರೆಯ ಹುಡುಗಿಯೊಬ್ಬಳು ಗೋಲ್‌ಕೀಪರ್ ಆಗಿ ಹೋದಳೆಂದು ಆಮೇಲೆ ತಿಳಿಯಿತು. ಸಹನಾ ಆ ಹೊತ್ತಿನಲ್ಲಿ ಗಣಿತ ಮಾಡುತ್ತಿದ್ದಳು. ಪೆನ್ಸಿಲಿನ ಮೊನೆ ಎರಡು ಸಲ ಮುರಿಯಿತು.

ಎಲ್ಲೋ ದೂರದ ಮರಳುನಾಡಿನ ಮೈದಾನದಲ್ಲಿ ಓಡುತ್ತಿದ್ದ ಆ ಹನ್ನೊಂದು ಜನರಿಗೆ, ತಮ್ಮ ಬೂಟಿನ ಲಾಡಿಗೆ ದುರ್ಗದ ಹುಡುಗಿಯೊಬ್ಬಳ ಇಪ್ಪತ್ತು ದಿನಗಳನ್ನು ಯಾರೋ ಗಂಟು ಹಾಕಿದ್ದಾರೆಂದು ಹೇಗೆ ತಿಳಿಯಬೇಕು? ತಂಡ ಸೋತಿತೆಂದು ಬೈಯುವವರೆಲ್ಲ ತಮ್ಮದೊಂದು ಏನನ್ನೋ ಹೀಗೆ ಗಂಟು ಹಾಕಿರುತ್ತಾರೇನೋ. ಅದಕ್ಕೇ ಅಷ್ಟು ಸಿಟ್ಟು. ನನಗೆ ಅವರ ಮೇಲೆ ಸಿಟ್ಟಿಲ್ಲ. ನಾನೇ ಹೇಳಬೇಕಿದ್ದ ಒಂದು 'ಹೂಂ' ಅನ್ನು ಹನ್ನೊಂದು ಜನ ಅಪರಿಚಿತರಿಂದ ಹೇಳಿಸಲು ಹೋದೆನಲ್ಲ, ಆ ವಿಷಾದ ಮಾತ್ರ ಹೋಗಿಲ್ಲ.

ಸುಮಾರು ಎರಡು ತಿಂಗಳು ನಮ್ಮ ಜಗಲಿ ಚೊಕ್ಕಟವಾಗಿತ್ತು. ಒಂದು ಸಂಜೆ ಮಾವಯ್ಯ ಕೋಲಿನಿಂದ ಅಟ್ಟದ ಮೇಲಿನ ಪತ್ರಿಕೆಯ ಪೊಟ್ಟಣವನ್ನು ತಾವೇ ಮೀಟಿ ಕೆಡವಿದರು. "ಏಳೇ. ಕ್ಯಾಂಪಿಗೆ ಬ್ಯಾಡ ಅಂದಿದ್ದು, ಚೆಂಡಿಗೆ ಬ್ಯಾಡ ಅಂದೋರ್ಯಾರು? ಹೋಗಾಣ ಬಾ. ನಾನು ಒದೀತೀನಿ, ನೀನು ಹಿಡಿ," ಎಂದರು. ಅವಳು ತಾತನ ಟೈರು ಚಪ್ಪಲಿಯನ್ನೊಮ್ಮೆ ನೋಡಿ, ಬಹಳ ದಿನದ ಮೇಲೆ, ನಕ್ಕಳು.

ಮಾರನೆಯ ಬೆಳಿಗ್ಗೆ ಪೊರಕೆ ಹಿಡಿದು ಜಗಲಿಗೆ ಬಂದೆ. ತೂತುಗಳುಳ್ಳ ಮಣ್ಣಿನ ಬಿಲ್ಲೆಗಳು ಹಳೆಯ ಜಾಗದಲ್ಲಿಯೇ ಬಿದ್ದಿದ್ದವು; ಅವುಗಳ ಪಕ್ಕದಲ್ಲಿ ಟೈರಿನ ಗೀರುಗಳಿದ್ದ ದೊಡ್ಡ ಕೆಸರಿನ ಹೆಜ್ಜೆಗಳು. ಗೊಣಗಲು ಹೋದೆ, ಬರಲಿಲ್ಲ. ನಿಧಾನವಾಗಿ ಗುಡಿಸಿ ಮೊರಕ್ಕೆ ತುಂಬಿಕೊಂಡೆ. ಎಲ್ಲ ಸಿಕ್ಕಿತು, ಆ ಇಪ್ಪತ್ತು ದಿನಗಳ ಹೊರತು.