ಇತರ ಸಣ್ಣಪುಟ್ಟ ಬದಲಾವಣೆಗಳು

ನಾನು ಏನು ಕೆಲಸ ಮಾಡುತ್ತೇನೆಂದು ಇಪ್ಪತ್ತೆರಡು ವರ್ಷಗಳಲ್ಲಿ ಅಮ್ಮನಿಗೆ ಹತ್ತಾರು ಸಲ ವಿವರಿಸಿದ್ದೇನೆ. ಕೊನೆಯ ಸಲ ಅವಳು ಕನ್ನಡಕ ಒರೆಸಿಕೊಳ್ಳುತ್ತಾ, "ಅಂದ್ರೆ ನೀನು ಏನೂ ಮಾಡಲ್ಲ, ಬೇರೆಯವರು ಮಾಡಿದ್ದನ್ನ ಜೋಡಿಸ್ತೀಯ" ಎಂದಳು. ಇಷ್ಟು ಸರಿಯಾಗಿ ನನ್ನ ಸಾಹೇಬರಿಗೂ ಇದುವರೆಗೆ ಅರ್ಥವಾಗಿಲ್ಲ.

ಕಂಪ್ಯೂಟರಿನ ಒಂದು ಪ್ರೋಗ್ರಾಮ್ ಎಂದರೆ ನೂರಾರು ಚಿಕ್ಕ ಚಿಕ್ಕ ಫೈಲುಗಳು. ಯಾವ ಯಂತ್ರಕ್ಕೆ ಯಾವ ಫೈಲು ಸೇರಬೇಕು, ಯಾವುದನ್ನು ಬಿಡಬೇಕು ಎಂದು ಒಂದು ಚೀಟಿಯಲ್ಲಿ ಬರೆದಿರುತ್ತಾರೆ. ಆ ಚೀಟಿ ಓದಿ ಎಲ್ಲವನ್ನೂ ಒಟ್ಟುಗೂಡಿಸುವ ಸಾಧನವೊಂದನ್ನು ನಮ್ಮ ಆಫೀಸು ತಯಾರಿಸುತ್ತದೆ. ಅದರ ಹೊಣೆ ನನ್ನದು. ನಾನು ಅಡುಗೆಯವನಲ್ಲ, ಉಗ್ರಾಣದವನು. ಊಟ ರುಚಿಯಾಗಿದ್ದರೆ ಉಗ್ರಾಣದವನನ್ನು ಯಾರೂ ನೆನೆಯುವುದಿಲ್ಲ, ಉಪ್ಪು ಕಾಣದಿದ್ದರೆ ಮಾತ್ರ ಕೂಗುತ್ತಾರೆ.

ಎರಡು ಮೂರು ವರ್ಷಕ್ಕೊಮ್ಮೆ ಸಾಧನದ ಹೊಸ ಆವೃತ್ತಿ ಬರುತ್ತದೆ. ಜೊತೆಗೆ ಏನೇನು ಬದಲಾಗಿದೆ ಎಂಬ ಪಟ್ಟಿ. ಅದನ್ನು ಬರೆಯುವವನೂ ನಾನೇ. ಎರಡನೇ ಆವೃತ್ತಿಯಲ್ಲಿ ಸೆಟ್ಟಿಂಗುಗಳ ಹೆಸರನ್ನೆಲ್ಲ ಗಿಡ್ಡ ಮಾಡಿದೆ, ಉದ್ದ ಹೆಸರು ಯಾರಿಗೂ ನೆನಪಿರುವುದಿಲ್ಲವೆಂದು. ನಾಲ್ಕನೆಯದರಲ್ಲಿ ಮತ್ತೆ ಉದ್ದ ಮಾಡಿದೆ, ಗಿಡ್ಡ ಹೆಸರು ಯಾರಿಗೂ ಅರ್ಥವಾಗುವುದಿಲ್ಲವೆಂದು. ಎರಡು ಸಲವೂ 'ಸುಧಾರಣೆ' ಎಂದೇ ಬರೆದೆ. ಐದನೆಯದರಿಂದ, ಚೀಟಿಯಲ್ಲಿ ಗೊತ್ತಿಲ್ಲದ ಪದ ಕಂಡರೆ ಸಾಧನ ಗಲಾಟೆ ಮಾಡದೆ ಸುಮ್ಮನೆ ಮುಂದೆ ಹೋಗುತ್ತದೆ. ಏಳನೆಯದರಿಂದ, ಹೊಸದನ್ನು ಹಾಕಿಕೊಂಡ ಕೂಡಲೇ ಹಳೆಯದು ತಾನಾಗಿಯೇ ಅಳಿಸಿಹೋಗುತ್ತದೆ. ಇದನ್ನು ಸಂಭ್ರಮದಿಂದ ಹೇಳಿದಾಗ ನನ್ನ ಹೆಂಡತಿ, "ಮನೇಲಿ ಒಂದು ಹರಿದ ಅಂಗಿ ಬಿಸಾಕೋಕೆ ಬಿಡಲ್ಲ, ಊರವರ ಮನೆ ಮಾತ್ರ ಗುಡಿಸ್ತೀರಿ" ಎಂದಳು.

ಪ್ರತಿ ಪಟ್ಟಿಯ ಕೊನೆಯಲ್ಲೂ ಒಂದೇ ಸಾಲು: 'ಇತರ ಸಣ್ಣಪುಟ್ಟ ಬದಲಾವಣೆಗಳು.' ನಮ್ಮ ಕಸುಬಿನವರೆಲ್ಲ ಬರೆಯುವ ಸಾಲು ಇದು. ವಿವರಿಸಲು ಸೋಮಾರಿತನವಾದದ್ದು, ಹೇಳಲು ನಾಚಿಕೆಯಾದದ್ದು, ಯಾರೂ ಗಮನಿಸದಿರಲಿ ಎಂದು ಹಾರೈಸಿದ್ದು ಎಲ್ಲವೂ ಅದರೊಳಗೆ ಸೇರುತ್ತವೆ. ಎಂಟನೇ ಆವೃತ್ತಿಯಲ್ಲಿ ಹನ್ನೊಂದು ಹಳೆಯ ಸೆಟ್ಟಿಂಗುಗಳನ್ನು ಕಿತ್ತುಹಾಕಿದೆ. ಹತ್ತಕ್ಕೆ ಒಂದೊಂದು ಸಾಲು ಬರೆದೆ. ಹನ್ನೊಂದನೆಯದು, ಇಪ್ಪತ್ತು ವರ್ಷ ಹಳೆಯ ಸೆನ್ಸರುಗಳಿರುವ ಯಂತ್ರಗಳಿಗೆ ಬೇಕಾದ ಫೈಲುಗಳನ್ನು ಸೇರಿಸುವಂಥದ್ದು. ಅಷ್ಟು ಹಳೆಯ ಯಂತ್ರ ಯಾರ ಬಳಿ ಇದ್ದೀತು? ಊಟದ ಹೊತ್ತೂ ಆಗಿತ್ತು. ಅದನ್ನು ಸಣ್ಣಪುಟ್ಟದ್ದಕ್ಕೆ ಸೇರಿಸಿ ಡಬ್ಬಿ ಬಿಚ್ಚಿದೆ.

ಯಾರ ಬಳಿ ಎಂದರೆ, ನಾನು ದಿನಕ್ಕೆರಡು ಸಲ ಹತ್ತಿ ಇಳಿಯುವ ಲಿಫ್ಟಿನ ಬಳಿ.

ನಮ್ಮದು ಏಳು ಮಹಡಿಯ ಹಳೆಯ ಕಟ್ಟಡ, ಆರನೇ ಮಹಡಿಯಲ್ಲಿ ಮನೆ. ಅಮ್ಮನಿಗೆ ಎಂಬತ್ತು. ಸೊಂಟದ ಆಪರೇಷನ್ ಆದ ಮೇಲೆ ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತಾಳೆ. ಮೆಟ್ಟಿಲು ಹತ್ತಿಳಿಯಬಾರದೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಆ ಭಾನುವಾರ ಮೂರು ಗಂಟೆಗೆ ದೊಡ್ಡಮ್ಮ ಬರುವವಳಿದ್ದಳು. ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ, ಎಂಬತ್ತನಾಲ್ಕು ವರ್ಷ, ಅವಳ ಕೈಯಲ್ಲೂ ವಾಕರ್. ಎರಡು ಹಗಲು ಎರಡು ರಾತ್ರಿ ದೂರದ ಮಗಳ ಮನೆಗೆ ಶಾಶ್ವತವಾಗಿ ಹೊರಟಿದ್ದಳು. ರೈಲು ಐದು ಗಂಟೆಗೆ. ಅಕ್ಕತಂಗಿಯರು ಮುಖ ನೋಡಿ ಎರಡು ವರ್ಷವಾಗಿತ್ತು. "ಇದೇ ಕೊನೇ ಸಲ ಅಂತ ಇಬ್ಬರಿಗೂ ಗೊತ್ತು. ಬಾಯಿಬಿಟ್ಟು ಹೇಳಲ್ಲ ಅಷ್ಟೆ" ಎಂದು ಅಮ್ಮ ಹಾಸಿಗೆಯ ಹೊದಿಕೆ ಬದಲಿಸಿ, ಅಕ್ಕನ ಬೆನ್ನಿಗೆಂದು ಎರಡು ದಿಂಬು ಇಟ್ಟುಕೊಂಡು ಕಾಯುತ್ತಿದ್ದಳು.

ಶುಕ್ರವಾರ ಸಂಜೆ ಆಫೀಸಿನಿಂದ ಬಂದಾಗ ಲಿಫ್ಟ್ ಮೇಸ್ತ್ರಿ ಕೆಳಗೆ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನೆಲದ ಮೇಲೆ ಕೂತಿದ್ದರು. ಲಿಫ್ಟಿನ ಕಂಟ್ರೋಲ್ ಬೋರ್ಡು ಸುಟ್ಟುಹೋಗಿತ್ತು. ಹೊಸ ಬೋರ್ಡಿಗೆ ಪ್ರೋಗ್ರಾಮನ್ನು ಮತ್ತೆ ಕಟ್ಟಿ ತುಂಬಬೇಕಾಗಿತ್ತು. ಪರದೆಯ ಮೇಲೆ ಕಂಡದ್ದು ನನ್ನ ಸಾಧನ! ಇಪ್ಪತ್ತೆರಡು ವರ್ಷಗಳಲ್ಲಿ ಅದನ್ನು ಬಳಸುವ ಮನುಷ್ಯನನ್ನು ನಾನು ಕಣ್ಣಾರೆ ಕಂಡಿರಲಿಲ್ಲ.

"ಇದು ನಂದೇ" ಎಂದೆ.

"ಯಾವುದು ಸಾರ್?" ಮೇಸ್ತ್ರಿ ಗಾಬರಿಯಿಂದ ಸ್ಟೂಲು ನೋಡಿದರು.

ವಿವರಿಸಿದೆ. ಸುಮ್ಮನೆ ಮೇಲೆ ಹೋಗಿದ್ದರೆ ಆಗುತ್ತಿತ್ತು. ಆದರೆ ಅವರ ಬಳಿ ಇದ್ದದ್ದು ಆರನೇ ಆವೃತ್ತಿ. ನನಗೆ ತಡೆಯಲಾಗಲಿಲ್ಲ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದೆ.

"ಎಂಟು ಬಂದಿದೆ, ಹಾಕ್ಕೊಳ್ಳಿ."

"ಇದೇ ಕೆಲಸ ಮಾಡ್ತಿದೆಯಲ್ಲ ಸಾರ್."

"ಎರಡು ಪಟ್ಟು ಬೇಗ ಮುಗಿಯುತ್ತೆ."

ಮೇಸ್ತ್ರಿ ಹೊಸದನ್ನು ಇಳಿಸಿಕೊಂಡರು. ಆಮೇಲೆ, ನನ್ನ ಜನ್ಮದಲ್ಲಿ ಯಾರೂ ಮಾಡದ ಕೆಲಸ ಮಾಡಿದರು: ಬದಲಾವಣೆಯ ಪಟ್ಟಿಯನ್ನು ತೆರೆದು, ಸಾಲಿನ ಮೇಲೆ ಬೆರಳಿಟ್ಟು, ಮೊದಲಿಂದ ಕೊನೆಯವರೆಗೆ ಓದಿದರು. ಕೊನೆಯ ಸಾಲಿಗೆ ಬಂದಾಗ ಬೆರಳು ನಿಂತಿತು.

"ಈ ಸಣ್ಣಪುಟ್ಟ ಅಂದ್ರೆ ಏನು ಸಾರ್?"

"ಸಣ್ಣಪುಟ್ಟ ಅಂದ್ರೆ ಸಣ್ಣಪುಟ್ಟದ್ದೇ ಮೇಸ್ತ್ರಿ" ಎಂದು ನಕ್ಕು ಮೇಲೆ ಹೋದೆ.

ಶನಿವಾರ ಬೆಳಿಗ್ಗೆ ಲಿಫ್ಟು ಪ್ರತಿ ಮಹಡಿಯಲ್ಲೂ ನೆಲಕ್ಕಿಂತ ಒಂದು ಗೇಣು ಮೇಲೆ ನಿಲ್ಲತೊಡಗಿತು. ಮೂರನೇ ಮಹಡಿಯವರೊಬ್ಬರು ಮುಗ್ಗರಿಸಿ ಹಲ್ಲು ಅಲ್ಲಾಡಿಸಿಕೊಂಡರು. ಮೇಸ್ತ್ರಿ ಕರೆಂಟು ತೆಗೆದು ಬೋರ್ಡು ಬಿಚ್ಚಿ ಕೂತರು. ಸಂಜೆಯಾದರೂ ಕಾರಣ ಸಿಗಲಿಲ್ಲ. ಕಟ್ಟಡದ ಸಂಘದ ಅಧ್ಯಕ್ಷರು ಎಲ್ಲರನ್ನೂ ಕೆಳಗೆ ಸೇರಿಸಿ ಅವರನ್ನು ತರಾಟೆಗೆ ತೆಗೆದುಕೊಂಡರು. "ಸೋಮವಾರದಿಂದ ಬೇರೆಯವರನ್ನ ಕರೆಸ್ತೀನಿ. ಚೆನ್ನಾಗಿದ್ದ ಲಿಫ್ಟು ಕೆಡಿಸಿಟ್ಟೆಯಲ್ಲಯ್ಯ!"

ಮೇಸ್ತ್ರಿ ಗುಂಪಿನಲ್ಲಿ ನನ್ನನ್ನು ಹುಡುಕಿದರು. "ಸಾರ್, ನಿಮ್ಮ ಹೊಸದರಲ್ಲಿ ಹಳೇದೇನೂ ತೆಗೆದಿಲ್ಲ ತಾನೇ?"

ಎಲ್ಲರೂ ನನ್ನ ಕಡೆ ತಿರುಗಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಿಗೆ ಸ್ವಲ್ಪ ಮರ್ಯಾದೆಯಾದರೂ ಇರುತ್ತದೆ. ನಾನು ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ.

"ಇಲ್ಲವಲ್ಲ" ಎಂದೆ.

"ಅವರು ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡ್ತಿರೋರು. ನಿನ್ನ ಕೈಲಾಗದ್ದನ್ನ ಅವರ ತಲೆಗೆ ಕಟ್ಟಬೇಡ" ಎಂದರು ಅಧ್ಯಕ್ಷರು.

ಆ ಕ್ಷಣದಲ್ಲಿ ನಾನು ಸುಳ್ಳು ಹೇಳಿರಲಿಲ್ಲ ಎಂದು ವಾದಿಸಬಹುದು. ಹನ್ನೊಂದನೆಯ ಸೆಟ್ಟಿಂಗು ನೆನಪಾದದ್ದು ನಾಲ್ಕನೇ ಮಹಡಿಯ ತಿರುವಿನಲ್ಲಿ, ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದಾಗ. ಎಲ್ಲ ಸರಪಳಿಯಂತೆ ಬಿಚ್ಚಿಕೊಂಡಿತು. ಲಿಫ್ಟಿಗೆ ನೆಲದ ಮಟ್ಟ ತಿಳಿಸುವ ಹಳೆಯ ಸೆನ್ಸರಿನ ಫೈಲುಗಳನ್ನು ಸೇರಿಸುವ ಸೆಟ್ಟಿಂಗನ್ನು ಎಂಟನೇ ಆವೃತ್ತಿ ಕಿತ್ತಿತ್ತು. ಐದನೇ ಆವೃತ್ತಿಯ ಸೌಜನ್ಯದಿಂದಾಗಿ ಸಾಧನ ಆ ವಿಷಯ ಬಾಯಿಬಿಡಲಿಲ್ಲ. ಏಳನೇ ಆವೃತ್ತಿಯ ಶುಚಿತ್ವದಿಂದಾಗಿ ಮೇಸ್ತ್ರಿಯ ಹಳೆಯ ಆರನೆಯದು ಅಳಿಸಿಹೋಗಿತ್ತು. ಮೂರೂ ನನ್ನ ಸುಧಾರಣೆಗಳೇ.

ನಾಲ್ಕು ಮಹಡಿ ಇಳಿದು ಹೋಗಿ, ಚೀಟಿಯಲ್ಲಿ ಆ ಫೈಲುಗಳ ಹೆಸರಿರುವ ಎರಡು ಸಾಲು ಸೇರಿಸಿ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಕೆಳಗೆ ಜನ ಇನ್ನೂ ಚದುರಿರಲಿಲ್ಲ. ಅಧ್ಯಕ್ಷರ ಹೊಗಳಿಕೆ ಕಿವಿಯಲ್ಲಿ ಇನ್ನೂ ಬೆಚ್ಚಗಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ನನ್ನ ಮಾನ ಅಡಿಕೆಗಿಂತ ದೊಡ್ಡದೇನೂ ಇರಲಿಲ್ಲ, ಆದರೂ ಕಾಪಾಡಿಕೊಂಡೆ. ರಾತ್ರಿಯೊಳಗೆ ಮೇಸ್ತ್ರಿಯೇ ಕಂಡುಹಿಡಿದಾರು, ಇಲ್ಲದಿದ್ದರೆ ಸೋಮವಾರ ಆಫೀಸಿನಿಂದ ಸದ್ದಿಲ್ಲದೆ ತಿದ್ದುಪಡಿ ಕಳಿಸಿದರಾಯಿತು ಎಂದುಕೊಂಡು ಉಳಿದ ಎರಡು ಮಹಡಿ ಹತ್ತಿದೆ. ಸೋಮವಾರಕ್ಕೆ ಮುಂಚೆ ಭಾನುವಾರ ಬರುತ್ತದೆ ಎಂಬುದನ್ನು ಬೇಕೆಂದೇ ಮರೆತೆ.

ಭಾನುವಾರ ಮಧ್ಯಾಹ್ನದವರೆಗೂ ಲಿಫ್ಟು ಸರಿಹೋಗಲಿಲ್ಲ. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ಇಳಿಸೋಣವೇ ಎಂದು ನನ್ನ ಹೆಂಡತಿ ಕೇಳಿದಳು. "ಬೇಡಮ್ಮ. ಜಾರಿದ್ರೆ ಆಮೇಲೆ ನೀವು ಹೊರೋದು ನನ್ನನ್ನಲ್ಲ, ಹೆಣಾನ" ಎಂದಳು ಅಮ್ಮ.

ಮೂರು ಗಂಟೆಗೆ ಗೇಟಿನ ಬಳಿ ಕಾರು ನಿಂತಿತು. ದೊಡ್ಡಮ್ಮನನ್ನು ಅವಳ ಅಳಿಯ ಇಳಿಸಿದ. ಅವಳು ವಾಕರ್ ಊರಿಕೊಂಡು ಕತ್ತು ಮೇಲೆತ್ತಿದಳು. ಅಮ್ಮ ಬಾಲ್ಕನಿಯ ಕಂಬಿಗೆ ಒರಗಿ ನಿಂತಳು. ಅವಳ ಕೈಯಲ್ಲಿ ಫೋನು, ಕೆಳಗೆ ದೊಡ್ಡಮ್ಮನ ಕಿವಿಗೆ ಅಳಿಯ ಫೋನು ಹಿಡಿದಿದ್ದ.

"ಕಾಣ್ತೀನೇನೇ?" ಅಮ್ಮ ಕೇಳಿದಳು. ಫೋನಿನ ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳುತ್ತಿತ್ತು.

"ಕಾಣ್ತೀಯ. ಹಸಿರು ಶಾಲು."

"ನೀಲಿ ಕಣೇ ಅಕ್ಕ."

"ಇರಲಿ ಬಿಡು. ಸಣ್ಣಗಾಗಿದ್ದೀಯ?"

"ಇಷ್ಟು ಎತ್ತರದಿಂದ ಯಾರಾದ್ರೂ ಸಣ್ಣಗೇ ಕಾಣ್ತಾರೆ."

ಇಬ್ಬರೂ ನಕ್ಕರು. ಅಮ್ಮ ಕಂಬಿಯ ಹೊರಗೆ ಕೈಚಾಚಿದಳು. ಕೆಳಗೆ ದೊಡ್ಡಮ್ಮನೂ ವಾಕರ್‌ನಿಂದ ಒಂದು ಕೈ ಬಿಡಿಸಿ ಮೇಲಕ್ಕೆತ್ತಿದಳು. ನಡುವೆ ಆರು ಮಹಡಿ. ನನ್ನ ಮೇಲೆ ನನಗೇ ಅಷ್ಟು ಹೇಸಿಗೆ ಹಿಂದೆಂದೂ ಆಗಿರಲಿಲ್ಲ.

ತಾರಸಿಯ ಮೇಲಿನ ಮಷೀನ್ ಕೋಣೆಗೆ ಓಡಿದೆ. ಮೇಸ್ತ್ರಿ ತಂತಿಗಳ ನಡುವೆ ಕೂತು ತಣ್ಣಗಾದ ಚಹಾ ಕುಡಿಯುತ್ತಿದ್ದರು. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವರು ಬೈಯುತ್ತಾರೆಂದು ಕಾದೆ.

"ನಿನ್ನೆ ಕೇಳಿದ್ನಲ್ಲ ಸಾರ್" ಎಂದರು ಅಷ್ಟೆ.

"ಅಧ್ಯಕ್ಷರಿಗೆ ನಾನೇ ಹೇಳ್ತೀನಿ ಮೇಸ್ತ್ರಿ. ಎಲ್ಲರ ಎದುರೇ ಹೇಳ್ತೀನಿ."

"ಹೇಳಿ. ಮೊದಲು ಆ ಎರಡು ಸಾಲು ಹೇಳಿ."

ಇಪ್ಪತ್ತು ನಿಮಿಷದಲ್ಲಿ ಪ್ರೋಗ್ರಾಮು ಸಿದ್ಧವಾಯಿತು. ನಾನು ಕೆಳಗೆ ಓಡಹೊರಟಾಗ ಮೇಸ್ತ್ರಿ ತಡೆದರು. ಖಾಲಿ ಲಿಫ್ಟನ್ನು ಎಲ್ಲ ಮಹಡಿಯಲ್ಲೂ ನಿಲ್ಲಿಸುತ್ತಾ ಮೂರು ಸಲ ಮೇಲೆ ಕೆಳಗೆ ಓಡಿಸಬೇಕಂತೆ. ಪ್ರತಿ ನಿಲುಗಡೆಯಲ್ಲೂ ಅಳತೆಪಟ್ಟಿ ಹಿಡಿದು ನೆಲದ ಮಟ್ಟ ನೋಡಬೇಕಂತೆ.

"ಒಂದು ಸಲ ಸಾಕು ಮೇಸ್ತ್ರಿ, ದೊಡ್ಡಮ್ಮ ಹೊರಟುಬಿಡ್ತಾರೆ."

"ಸಾಲದು ಸಾರ್. ನಾನು ಹತ್ತಿಸೋದು ಮನುಷ್ಯರನ್ನ."

ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ಸಾಧನವನ್ನು ಯಾವ ಯಂತ್ರದ ಮುಂದೆಯೂ ನಿಂತು ನಾನು ಪರೀಕ್ಷಿಸಿದವನಲ್ಲ. ಅಳತೆಪಟ್ಟಿಯ ಇನ್ನೊಂದು ತುದಿ ಹಿಡಿದೆ. ಎರಡನೇ ಸುತ್ತಿನಲ್ಲಿ, ನಾವು ನಾಲ್ಕನೇ ಮಹಡಿಯಲ್ಲಿದ್ದಾಗ, ಗೇಟಿನಿಂದ ಕಾರು ಹೊರಟ ಸದ್ದು ಕೇಳಿಸಿತು. ಲಿಫ್ಟಿಗೆ ಜನ ಹತ್ತಬಹುದೆಂದು ಮೇಸ್ತ್ರಿ ಹೇಳಿದಾಗ ನಾಲ್ಕೂ ಮುಕ್ಕಾಲು.

ಅಮ್ಮ ಇನ್ನೂ ಬಾಲ್ಕನಿಯಲ್ಲೇ ನಿಂತಿದ್ದಳು. "ಅಕ್ಕ ನಿಂತಿದ್ದ ಜಾಗಕ್ಕೆ ಒಂದ್ಸಲ ಕರ್ಕೊಂಡು ಹೋಗು" ಎಂದಳು. ಕರೆದುಕೊಂಡು ಹೋದೆ. ಲಿಫ್ಟಿನೊಳಗೆ ನಾವಿಬ್ಬರೇ. ಐದನೇ ಮಹಡಿ ದಾಟಿದಾಗ ಹೇಳಿದೆ.

"ಲಿಫ್ಟು ಕೆಟ್ಟಿದ್ದು ಮೇಸ್ತ್ರಿಯಿಂದಲ್ಲ ಅಮ್ಮ, ನನ್ನಿಂದ. ನಾನೇ ಒಂದು ಸೆಟ್ಟಿಂಗು ತೆಗೆದಿದ್ದೆ, ಯಾರಿಗೂ ಹೇಳಿರಲಿಲ್ಲ."

ಮೂರನೇ ಮಹಡಿ ದಾಟುವಾಗ ಅವಳು ಕೇಳಿದಳು: "ಯಾವಾಗ ಗೊತ್ತಾಯ್ತು ನಿನಗೆ?"

'ಇವತ್ತು ಮಧ್ಯಾಹ್ನ' ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು.

"ನಿನ್ನೆ ಸಂಜೆ."

ಲಿಫ್ಟು ನೆಲಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ನಿಂತಿತು. ಬಾಗಿಲು ತೆರೆಯಿತು. ಎದುರಿಗೆ ಗೇಟು, ಅದರಾಚೆ ಖಾಲಿ ರಸ್ತೆ. ಅಮ್ಮ ವಾಕರ್ ಮುಂದಿಡಲಿಲ್ಲ.

"ನಿನ್ನೆ ಸಂಜೆ" ಎಂದಳು, ತನಗೆ ತಾನೇ ಹೇಳಿಕೊಳ್ಳುವ ಹಾಗೆ. ಆಮೇಲೆ, ಬಟನ್ ಒತ್ತು ಎಂದು ನನಗೆ ಹೇಳದೆ, ತಾನೇ ಕೈಚಾಚಿ ಆರನ್ನು ಒತ್ತಿದಳು. ಬಾಗಿಲು ಮುಚ್ಚಿತು. ಆರು ಮಹಡಿಯೂ ಅವಳು ನನ್ನ ಕಡೆ ತಿರುಗಿ ನೋಡಲಿಲ್ಲ.