ಸೆರಗಿನ ಮೆಮೊರಿ ಹಿಡಿದ ಮೂರನೆಯವರು

ನಂಬುವವರು ನಂಬಿ, ಬಿಡುವವರು ಬಿಡಿ. ಕಂಪ್ಯೂಟರ್ ರಿಪೇರಿಗೆಂದು ಯಳಂದೂರಿನಿಂದ ಹನೂರಿನವರೆಗೆ ಬೈಕಿನಲ್ಲಿ ಅಲೆಯುವ ನನಗೆ ದೆವ್ವದ ಕಥೆ ಕಟ್ಟುವಷ್ಟು ಪುರುಸೊತ್ತಿಲ್ಲ. ಕಟ್ಟುವವರನ್ನು ಕಂಡರೆ ಮೈ ಉರಿಯುತ್ತಿತ್ತು. ಆದರೂ ಕೊಳ್ಳೇಗಾಲದಲ್ಲಿ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ಅಲ್ಲಿ ಸೀರೆ ನೇಯುವ ರತ್ನಮ್ಮನವರ ನಡುಮನೆಯಲ್ಲಿ ರೇಷ್ಮೆ ಕೈಮಗ್ಗ, ಪಕ್ಕದಲ್ಲಿ ಕಂಪ್ಯೂಟರ್. ಪೆಡಲ್ ತುಳಿದಾಗಲೆಲ್ಲ ಯಾವ ಎಳೆ ಏಳಬೇಕೆಂದು ಕಂಪ್ಯೂಟರ್ ಹೇಳುತ್ತದೆ. ಅವರ ಗಂಡ ನಂಜುಂಡಣ್ಣ ತೀರಿಕೊಂಡು ತಿಂಗಳಾಗಿತ್ತು. ಮಗಳ ಧಾರೆ ಸೀರೆಯ ಸೆರಗಿಗೆ ಒಂದರ ಮೇಲೊಂದು ಎರಡು ನವಿಲನ್ನು ಕಂಪ್ಯೂಟರಿನಲ್ಲಿ ಬರೆಯುತ್ತಿದ್ದವರು, ಎರಡನೆಯದರ ಕುತ್ತಿಗೆಗೆ ನಿಲ್ಲಿಸಿ ಹೋಗಿಬಿಟ್ಟಿದ್ದರು.

"ಚಿತ್ರ ಸೇವ್ ಮಾಡಿದ್ದರಾ?" ಎಂದೆ.

"ಇಲ್ಲ ಸಾ. ಅರ್ಧ ನೇಯ್ದ ಸೀರೆನ ಮಗ್ಗದಿಂದ ಯಾರಾದ್ರೂ ಬಿಚ್ತಾರಾ? ಅಂಗೇ ಬುಟ್ಟು ಎದ್ದೋಯ್ತೀವಿ. ಅವ್ರು ಕಂಪ್ಯೂಟ್ರನ್ನೂ ಅಂಗೇ ಬುಟ್ಟು ಏಳೋರು. ಅವ್ರು ಹೋದ್ಮೇಲೆ ನಾನೂ ಆರ್ಸಿಲ್ಲ."

ಇಡೀ ಚಿತ್ರ ಮೆಮೊರಿಯಲ್ಲೇ ಇತ್ತು, ಕಂಪ್ಯೂಟರ್ ಒಮ್ಮೆ ಆರಿದರೆ ಮುಗಿಯಿತು. ಮೊದಲು ಪೆನ್‌ಡ್ರೈವಿಗೊಂದು ಪ್ರತಿ ತೆಗೆದೆ. ಒಂದು ನವಿಲು, ಇನ್ನೊಂದರ ಕುತ್ತಿಗೆ... ಅಷ್ಟೇ ಇತ್ತು.

"ಎಷ್ಟೈತೋ ಅಷ್ಟೇ ನೇಯ್ತೀನಿ ಸಾ. ಮಿಕ್ಕಿದ್ದು ಬರೀ ಬಟ್ಟೆ ಇರ್ಲಿ. ಬ್ಯಾರೆಯವ್ರ ಕೈಲಿ ಬರೆಸಾಕಿಲ್ಲ."

ಅದಕ್ಕೂ ಅಡ್ಡಿಯಿತ್ತು. ಮಗ್ಗ ತಡವರಿಸುತ್ತಿತ್ತು, ಎಳೆ ಕಿತ್ತುಬರುತ್ತಿತ್ತು. ಚಿತ್ರ ಬರೆಯುವ ಪ್ರೋಗ್ರಾಂ, ಮಗ್ಗ ನಡೆಸುವ ಪ್ರೋಗ್ರಾಂ ಎರಡೂ ಒಂದೇ ಮೆಮೊರಿಯನ್ನು ಹಂಚಿಕೊಂಡಿದ್ದವು. ಒಂದು ಬರೆದದ್ದು ಇನ್ನೊಂದಕ್ಕೆ ಆ ಕ್ಷಣವೇ ಕಾಣುತ್ತದೆ. ಆದರೆ ಆ ಮೆಮೊರಿ ಸಾವಿರಾರು ಚೂರು ಹಾಳೆಗಳಾಗಿ ಹರಡಿತ್ತು. ಕಂಪ್ಯೂಟರಿನ ಯಜಮಾನಿಕೆ ಮಾಡುವ ಕರ್ನಲ್, ಪ್ರತಿ ಸಾಲಿಗೂ ಚೂರು ಹುಡುಕಿ ಸುಸ್ತಾಗುತ್ತಿತ್ತು. ಹ್ಯೂಜ್ ಪೇಜ್ ಎಂಬ ಸೌಲಭ್ಯ ಆನ್ ಮಾಡಿದರೆ ಚೂರುಗಳು ಕೂಡಿ ಕೆಲವೇ ದೊಡ್ಡ ಹಾಳೆಗಳಾಗುತ್ತವೆ. ಕಂಪ್ಯೂಟರ್ ಆರಿಸದೆಯೇ ಅದನ್ನು ಆನ್ ಮಾಡಿದೆ.

"ತುಳೀರಿ ಅಮ್ಮ."

ಟಕ್... ಟಕ್... ಟಕ್. ಎಲ್ಲೂ ತಡವರಿಸಲಿಲ್ಲ. ನನಗೆ ಒಳಗೊಳಗೇ ಜಂಬ.

ಮೊದಲ ನವಿಲು ಮುಗಿದು ಎರಡನೆಯದರ ಕುತ್ತಿಗೆಗೆ ಬರುವ ಹೊತ್ತಿಗೆ ಹೊರಗೆ ಕತ್ತಲಾಗಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಕಂಪ್ಯೂಟರಿಗೂ ಮಗ್ಗಕ್ಕೂ ಆಸರೆಯಾಗಿದ್ದ ಯುಪಿಎಸ್ ಕೀಂ ಕೀಂ ಎನ್ನತೊಡಗಿತು. ರತ್ನಮ್ಮ ನಿಲ್ಲಿಸಲಿಲ್ಲ, ಪರದೆಯ ಬೆಳಕಲ್ಲೇ ನೇಯ್ದರು.

ಹಂಚಿಕೊಂಡ ಮೆಮೊರಿಯನ್ನು ಎಷ್ಟು ಪ್ರೋಗ್ರಾಂಗಳು ಹಿಡಿದಿವೆ ಎಂದು ನೋಡುವುದು ನನ್ನ ಅಭ್ಯಾಸ. ಎರಡು ಇರಬೇಕು.

ಮೂರು ಇತ್ತು.

ಮೂರನೆಯದು ಯಾವುದೆಂದು ಹುಡುಕಿದೆ. ಮತ್ತೆ ಹುಡುಕಿದೆ. ಅಂಥ ಪ್ರೋಗ್ರಾಂ ಇಲ್ಲ ಎಂದೇ ಉತ್ತರ. ನನ್ನದೇ ತಪ್ಪೆಂದು ಹಲ್ಲು ಕಚ್ಚಿ ಪಟ್ಟಿಯನ್ನು ಮೊದಲಿಂದ ಓದಿದೆ.

"ಕುತ್ತಿಗೆ ಮುಗೀತು ಅಮ್ಮ. ಇಲ್ಲಿಗೆ ನಿಲ್ಲುತ್ತದೆ."

ಅವರು ತುಳಿದರು. ಟಕ್... ಎಳೆಗಳು ಎದ್ದವು.

ಮತ್ತೆ ತುಳಿದರು. ಮತ್ತೆ ಎದ್ದವು.

ಪರದೆಯಲ್ಲಿ ಖಾಲಿಯಿದ್ದ ಜಾಗದಲ್ಲಿ ಒಂದೊಂದೇ ಚುಕ್ಕೆ ಮೂಡುತ್ತಿತ್ತು. ಎದೆ, ರೆಕ್ಕೆ, ಗರಿ... ಮೌಸ್ ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು. ಎಲ್ಲಿಂದಲೋ ಹಸಿ ಗಂಜಿಯ ವಾಸನೆ. ಆ ಮನೆಯಲ್ಲಿ ತಿಂಗಳಿಂದ ಯಾರೂ ನೂಲಿಗೆ ಗಂಜಿ ಹಾಕಿರಲಿಲ್ಲ.

"ಅಮ್ಮ... ನಿಲ್ಸಿ," ಎಂದೆ.

"ಸುಮ್ಕಿರಿ ಸಾ," ಎಂದರು ಪಿಸುದನಿಯಲ್ಲಿ. ಕಣ್ಣೀರು ಒರೆಸಿಕೊಳ್ಳಲೂ ಕೈ ತೆಗೆಯಲಿಲ್ಲ. "ಮುಗೀಲಿ."

ಪ್ರತಿ ತೆಗೆಯಲು ಕೀಬೋರ್ಡಿಗೆ ಕೈ ಚಾಚಿದೆ. ಎರಡು ಸಲ ತಪ್ಪು ಒತ್ತಿದೆ, ಪ್ರತಿ ಆಗಲಿಲ್ಲ. ಕೊನೆಯ ಸಾಲು ಕೂತಾಗ ಪರದೆಯಲ್ಲಿ ಮೂರು ಹೋಗಿ ಎರಡಾಯಿತು. ಮರುಕ್ಷಣ ಯುಪಿಎಸ್ ಸತ್ತು ಎಲ್ಲ ಆರಿತು.

ಕತ್ತಲಲ್ಲಿ ರತ್ನಮ್ಮ ಮೊಬೈಲ್ ಬೆಳಕು ಹಿಡಿದು, ಸೆರಗಿನ ಅಂಚಿನುದ್ದಕ್ಕೂ ಬೆರಳಾಡಿಸಿದರು. ಒಂದು ಕಡೆ ಬೆರಳು ನಿಂತಿತು.

"ದೃಷ್ಟಿ ಆಗ್ಬಾರ್ದು ಅಂತ ಅವ್ರು ಕೊನೇಲಿ ಒಂದೆಳೆ ತಪ್ಪಿಸೋರು ಸಾ. ನಂಗೊಬ್ಬಳ್ಗೇ ಗೊತ್ತು."

ಬಗ್ಗಿ ನೋಡಿದೆ. ಒಂದೇ ಒಂದು ಎಳೆ ತಪ್ಪಿತ್ತು.

ಮಗಳು ಆ ಸೀರೆಯಲ್ಲೇ ಧಾರೆಗೆ ನಿಂತಳು. ಪೆನ್‌ಡ್ರೈವ್ ನನ್ನ ಬಳಿಯೇ ಇದೆ. ಎಷ್ಟು ಸಲ ತೆರೆದು ನೋಡಿದರೂ ಎರಡನೆಯ ನವಿಲು ಕುತ್ತಿಗೆಗೇ ನಿಂತಿದೆ. ಈಗ ಯಾವ ಊರಿನ ಯಾವ ಕಂಪ್ಯೂಟರ್ ಮುಂದೆ ಕೂತರೂ ಆ ಲೆಕ್ಕ ನೋಡುವ ಮುನ್ನ ಕೈ ಹಿಂಜರಿಯುತ್ತದೆ. ಮತ್ತೊಮ್ಮೆ ಮೂರು ಎಂದು ಬಂದರೆ ಎದ್ದು ಓಡಬೇಕೋ, ಅವರ ಕೆಲಸ ಮುಗಿಯುವವರೆಗೆ ಕಾಯಬೇಕೋ... ನನಗೆ ಗೊತ್ತಿಲ್ಲ.